ದೋಣಿಯ ಮುಖ ಯಾವ ಕಡೆಗೆ

ಆ ಗಲ್ಲಿಯಲ್ಲಿ ಸಮುದ್ರವನ್ನು ಕಣ್ಣಾರೆ ಕಂಡವರು ಇಬ್ಬರೇ. ಒಬ್ಬರು ಬನಶಂಕರಿಯ ಅತ್ತೆ ಅಂಜಿನಮ್ಮ, ಇನ್ನೊಬ್ಬರು ಎದುರುಮನೆಯ ಸಪ್ಪಲಮ್ಮ. ಕಷ್ಟ ಏನೆಂದರೆ ಇಬ್ಬರೂ ಕಂಡದ್ದು ಬೇರೆ ಬೇರೆ ಸಮುದ್ರ. ಅಂಜಿನಮ್ಮ ಧರ್ಮಸ್ಥಳಕ್ಕೆ ಹೋದಾಗ ಹಾಗೇ ಮಂಗಳೂರಿಗೂ ಹೋಗಿ, ಮೊಣಕಾಲುದ್ದ ನೀರಿನಲ್ಲಿ ನಿಂತು, ಸೂರ್ಯ ಮುಳುಗುವುದನ್ನು ನೋಡಿ ಬಂದಿದ್ದರು. ಸಪ್ಪಲಮ್ಮ ಹೊಸಕೋಟೆಯ ಹೆಣ್ಣುಮಗಳು. ಮದರಾಸಿಗೆ ಹೋಗುವ ರಸ್ತೆ ಅವರ ತವರಿನ ಬಾಗಿಲಲ್ಲೇ ಹಾದುಹೋಗುತ್ತಿತ್ತು. ಆ ರಸ್ತೆಯ ತುದಿಯಲ್ಲಿರುವ ಸಮುದ್ರದೊಳಗಿಂದ ಸೂರ್ಯ ಏಳುವುದನ್ನು ಮದುವೆಗೆ ಮೊದಲೇ ನೋಡಿಕೊಂಡಿದ್ದರು. ಇದರಿಂದ ಇಪ್ಪತ್ತು ವರ್ಷ ಯಾರಿಗೂ ಏನೂ ತೊಂದರೆ ಆಗಿರಲಿಲ್ಲ. ತೊಂದರೆ ಶುರುವಾದದ್ದು ತೊಂಬತ್ತೆರಡರ ಆಷಾಢದಲ್ಲಿ, ಆ ಕಾಗದ ಬಂದಾಗ.

ಬನಶಂಕರಿಯ ಗಂಡ ಸೀನಪ್ಪನಿಗೆ ದೊಡ್ಡಬಳ್ಳಾಪುರದಲ್ಲಿ ಎರಡು ಪವರ್‌ಲೂಮು. ಮನೆಯ ಮುಂಭಾಗದಲ್ಲಿ ಮಗ್ಗ, ಹಿಂಭಾಗದಲ್ಲಿ ಅಡುಗೆ, ನಡುವೆ ನೂಲಿನ ಕಂಡಿಕೆ ಸುತ್ತುವ ಜಾಗ. ಬನಶಂಕರಿ ಅಲ್ಲಿ ಕೂತು ಒಂದು ಕಣ್ಣನ್ನು ನೂಲಿನ ಮೇಲೆ, ಇನ್ನೊಂದನ್ನು ಸಾರಿನ ಮೇಲೆ ಇಟ್ಟಿರುತ್ತಿದ್ದಳು. ಸಾರು ಕುದಿಯುವುದಕ್ಕೂ ಕಂಡಿಕೆ ಮುಗಿಯುವುದಕ್ಕೂ ನಡುವೆ ಸಿಗುವ ಐದು ನಿಮಿಷದಲ್ಲಿ, ಚೌಕಳಿ ಗೆರೆಯ ಪುಸ್ತಕದಲ್ಲಿ ಸೀರೆಯ ಡಿಸೈನು ಬರೆಯುತ್ತಿದ್ದಳು. ಒಂದೊಂದು ಚೌಕವೂ ಒಂದೊಂದು ಎಳೆ. ಹನ್ನೊಂದು ವರ್ಷದಲ್ಲಿ ನಾಲ್ಕು ಪುಸ್ತಕ ತುಂಬಿದ್ದವು. ಒಂದು ಡಿಸೈನೂ ಮಗ್ಗಕ್ಕೆ ಏರಿರಲಿಲ್ಲ. ಹಳೆಯ ಮಾವಿನಕಾಯಿ ಬುಟ್ಟಾದ ಕಾರ್ಡುಗಳು ಅಟ್ಟದ ಮೇಲೆ ಇರುವಾಗ ಹೊಸದೇಕೆ ಎನ್ನುವುದು ಸೀನಪ್ಪನ ಮಾತು. ಪುಸ್ತಕಗಳನ್ನು ಅವಳು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟಿದ್ದಳು.

ಊರಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಕರಾವಳಿಯ ಕಡೆಯ ಮ್ಯಾನೇಜರೊಬ್ಬರು ಒಮ್ಮೆ ಸೀರೆ ನೋಡಲು ಬಂದವರು, ತೆರೆದಿಟ್ಟ ಪುಸ್ತಕದಲ್ಲಿ ಅವಳ ನವಿಲನ್ನು ಕಂಡುಬಿಟ್ಟರು. ವರ್ಗವಾಗಿ ಹೋದವರು ತಮ್ಮ ಅಕ್ಕನಿಗೆ ಹೇಳಿದರು. ಅಕ್ಕ ಸಮುದ್ರದ ದಂಡೆಯ ಒಂದು ಊರಿನಲ್ಲಿ ಶಾಲೆಯ ಹೆಡ್‌ಮಿಸ್ಸು. ಶಾಲೆಗೆ ಐವತ್ತು ವರ್ಷ ತುಂಬುತ್ತಿತ್ತು. ಇಪ್ಪತ್ನಾಲ್ಕು ಟೀಚರುಗಳಿಗೂ ಒಂದೇ ತರದ ಸೀರೆ ಬೇಕು, ಮೊದಲು ಒಂದು ನೇಯ್ದು ಕಳಿಸಿ, ಒಪ್ಪಿಗೆಯಾದರೆ ಉಳಿದವು ಎಂದು ಕಾಗದ. ಶಾಲೆಯ ಹೆಸರು ಅಚ್ಚಾದ ಕಾಗದವಾದ್ದರಿಂದ ಒಳಗಿನದೆಲ್ಲ ಇಂಗ್ಲಿಷು.

ಏಳನೇ ಕ್ಲಾಸಿನ ವಾಣಿ ಅಪ್ಪ ಅಮ್ಮ ಅಜ್ಜಿಯನ್ನು ಎದುರಿಗೆ ಕೂರಿಸಿಕೊಂಡು ಓದಿದಳು. ನೀಲಿ ಒಡಲು. ಅಂಚಿನಲ್ಲಿ ದೋಣಿಗಳು. ದೋಣಿಗಳೆಲ್ಲ ಸೀವರ್ಡ್ ಮುಖ ಮಾಡಿರಬೇಕು; ಓದು ಮುಗಿಸಿ ಹೊರಟು ನಿಂತ ಮಕ್ಕಳ ಗುರುತು ಅದು. ಲ್ಯಾಂಡ್‌ವರ್ಡ್ ತಿರುಗಿದ ದೋಣಿ ಒಂದೂ ಇರಕೂಡದು. ಸೆರಗಿನಲ್ಲಿ, ಅಂದರೆ ಇನ್‌ಲ್ಯಾಂಡ್, ತೆಂಗಿನಮರ.

"ಸೀವರ್ಡ್ ಅಂದ್ರೆ ಎಡಗಡೆನಾ ಬಲಗಡೆನಾ?" ಎಂದ ಸೀನಪ್ಪ.

"ಗೊತ್ತಿಲ್ಲಪ್ಪ. ಪಾಠದಲ್ಲಿ ಇನ್ನೂ ಬಂದಿಲ್ಲ."

"ನಿಮ್ ಸ್ಕೂಲಲ್ಲಿ ಏನ್ ತಾನೇ ಬಂದೈತೆ?" ಎಂದು ಅವನು ಹೆಂಡತಿಯ ಕಡೆ ತಿರುಗಿದ. "ನೋಡು ಬನಶಂಕರಿ, ಇದೊಂದ್ಸಲ ನಿನ್ ಡಿಸೈನು ಹಾಕಣ. ಕಾರ್ಡಿಗೆ ಒಂದ್ಸಲ ತೂತು ಬಿದ್ರೆ ಮುಗೀತು, ವಾಪಸ್ ಮುಚ್ಚಕಾಗಲ್ಲ. ಆಯಮ್ಮ ಬೇಡ ಅಂದ್ರೆ ಮಾವಿನಕಾಯೇ ಗತಿ. ಆಮೇಲೆ ಈ ಪುಸ್ತಕ, ಪೆನ್ಸಿಲ್ಲು ಏನೂ ಕೂಡದು. ಸರೀನಾ?"

"ಸರಿ," ಎಂದಳು ಬನಶಂಕರಿ. ಎದ್ದು ಹೋಗಿ ಸಾರಿಗೆ ಉಪ್ಪು ಹಾಕಿದಳು. ಹಾಕಿದ್ದು ಎರಡನೇ ಸಲ ಎಂದು ಊಟದ ಹೊತ್ತಿಗೆ ಗೊತ್ತಾಯಿತು.

ಡಿಸೈನನ್ನು ಮಗ್ಗಕ್ಕೆ ತಿಳಿಸುವ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುವವನು ಕೆಂಪರಾಜ್. ಆಷಾಢದ ಕೊನೆಯ ಶುಕ್ರವಾರದೊಳಗೆ ಗ್ರಾಫು ಕೊಟ್ಟರೆ ಉಂಟು, ಶ್ರಾವಣದ ಕೆಲಸ ಶುರುವಾದರೆ ನಾನು ಸಿಗುವುದಿಲ್ಲ ಎಂದು ಹೇಳಿಬಿಟ್ಟಿದ್ದ. ಅಂದರೆ ಹದಿನೆಂಟು ದಿನ.

ದೋಣಿ ಬರೆಯುವುದು ಕಷ್ಟವಾಗಲಿಲ್ಲ. ಕ್ಯಾಲೆಂಡರಿನಲ್ಲಿ ಒಂದಿತ್ತು. ಅದು ಎತ್ತ ನೋಡಬೇಕು ಎನ್ನುವುದೇ ಕಷ್ಟ. ಸೀನಪ್ಪನ ತಾತನ ಕಾಲದಿಂದ ಆ ಮನೆಯಲ್ಲಿ ಒಂದು ಕಟ್ಟಳೆ. ಮುಖ ಇರುವುದು ಏನೇ ಆಗಲಿ, ನವಿಲೋ ಹಂಸವೋ ಆನೆಯೋ, ಅಂಚಿನ ಉದ್ದಕ್ಕೂ ಸಾಲಾಗಿ ಸೆರಗಿನ ಕಡೆಗೇ ನಡೆಯಬೇಕು. ಸೆರಗಿಗೆ ಬೆನ್ನು ಹಾಕಿದ ಹಂಸ ಮನೆಗೆ ಆಗಿಬರುವುದಿಲ್ಲ. ಹೀಗಾಗಿ ಅಂಚಿನ ಮೇಲೆ ಮುಂದಕ್ಕೆ, ಇಲ್ಲವೇ ಹಿಂದಕ್ಕೆ, ಈ ಎರಡು ದಿಕ್ಕನ್ನು ಬಿಟ್ಟು ಮೂರನೆಯದೊಂದು ಇದ್ದೀತು ಎಂದು ಆ ಮನೆಯಲ್ಲಿ ಯಾರಿಗೂ ಹೊಳೆಯುವಂತಿರಲಿಲ್ಲ. ಈಗ ಸೆರಗಿನಲ್ಲಿ ತೆಂಗಿನಮರ, ಅಂದರೆ ನೆಲ. ದೋಣಿ ಸೆರಗಿನ ಕಡೆ ಹೊರಟರೆ ಸೀದಾ ತೆಂಗಿನತೋಟಕ್ಕೆ ನುಗ್ಗುತ್ತದೆ. ತಿರುಗಿಸಿದರೆ ತಾತನ ಕಟ್ಟಳೆ ಮುರಿಯುತ್ತದೆ.

ಗಲ್ಲಿಯ ಕೊನೆಯ ಮನೆಯ ಆದಿನಾರಾಯಣಪ್ಪ ಮೇಷ್ಟ್ರು ಇಂಗ್ಲಿಷು ಪಾಠ ಮಾಡಿ ರಿಟೈರಾದವರು. ಯಾರೂ ಏನೂ ಕೇಳದೆ ನಾಲ್ಕು ವರ್ಷವಾಗಿ ಸೊರಗಿಹೋಗಿದ್ದರು. ಕರೆದ ತಕ್ಷಣ ದಪ್ಪ ಡಿಕ್ಷನರಿಯನ್ನು ಕೂಸಿನ ಹಾಗೆ ಎತ್ತಿಕೊಂಡು ಬಂದರು. ಅಷ್ಟರಲ್ಲಿ ಕರೆಂಟು ಹೋಗಿ ಎರಡು ಮಗ್ಗವೂ ನಿಂತದ್ದರಿಂದ ಅವರ ಮಾತು ಎಲ್ಲರಿಗೂ ಕೇಳಿಸಿತು.

"ಸೀವರ್ಡ್ ಅಂದ್ರೆ ಸಮುದ್ರದ ಕಡೆಗೆ. ಲ್ಯಾಂಡ್‌ವರ್ಡ್ ಅಂದ್ರೆ ನೆಲದ ಕಡೆಗೆ. ಇನ್‌ಲ್ಯಾಂಡ್ ಅಂದ್ರೆ ಒಳನಾಡು, ನಮ್ ತರ. ಅಲಾಂಗ್‌ಶೋರ್ ಅಂದ್ರೆ ದಡದ ಉದ್ದಕ್ಕೇ ಹೋಗ್ತಾ ಇರೋದು. ಆಫ್‌ಶೋರ್ ಅಂದ್ರೆ ದಡ ಬಿಟ್ಟು ಸಮುದ್ರದ ಮೇಲೆ ಇರೋದು."

"ಆಫ್‌ಶೋರ್ ಗಾಳಿ ಅಂತ ಇಲ್ಲೇ ಕೆಳಗೈತೆ ಸಾರ್," ಎಂದು ವಾಣಿ ಬೆರಳಿಟ್ಟಳು.

"ಹೂಂ ಕಣಮ್ಮ. ಅದು ನೆಲದಿಂದ ಸಮುದ್ರಕ್ಕೆ ಹೋಗೋ ಗಾಳಿ. ಆನ್‌ಶೋರ್ ಅಂದ್ರೆ ಸಮುದ್ರದಿಂದ ನೆಲಕ್ಕೆ ಬರೋದು. ಆದ್ರೆ ಪಶ್ಚಿಮದ ಗಾಳಿ ಅಂದ್ರೆ ಮಾತ್ರ ಪಶ್ಚಿಮಕ್ಕೆ ಹೋಗೋದಲ್ಲ, ಪಶ್ಚಿಮದಿಂದ ಬರೋದು."

ಸೀನಪ್ಪ ತಲೆ ಕೆರೆದುಕೊಂಡ. "ಇದೇನ್ ಮೇಷ್ಟ್ರೇ, ಒಂದು ಗಾಳಿಗೆ ಹೋಗೋ ಊರಿನ ಬೋರ್ಡು, ಇನ್ನೊಂದಕ್ಕೆ ಬಂದ ಊರಿನ ಬೋರ್ಡಾ? ನಮ್ ಪಕ್ಕದ ವಿಜಯಪುರದ ಬಸ್ಸೇ ವಾಸಿ. ಹೋಗೋವಾಗ್ಲೂ ವಿಜಯಪುರ, ಬರೋವಾಗ್ಲೂ ವಿಜಯಪುರ. ಹತ್ತಿದ್ಮೇಲೆ ಕೇಳ್ಕೋಬೇಕು."

"ಗಾಳಿ ಬಿಡ್ರಪ್ಪಾ," ಎಂದರು ಅಂಜಿನಮ್ಮ. "ಸಮುದ್ರದ ಕಡೆ ಅಂದ್ರೆ ಹೊತ್ತು ಮುಳುಗೋ ಕಡೆ. ನಾನೇ ನೋಡಿವ್ನಿ."

ಬಾಗಿಲಲ್ಲಿ ನಿಂತಿದ್ದ ಸಪ್ಪಲಮ್ಮ ಒಳಗೇ ಬಂದುಬಿಟ್ಟರು. "ಮುಳುಗೋ ಕಡೆನಾ? ಹೊತ್ತು ಹುಟ್ಟೋ ಕಡೆ ಕಣಮ್ಮೋ! ಮದ್ರಾಸಲ್ಲಿ ಬೆಳಗ್ಗೆ ಬೆಳಗ್ಗೆನೇ ನನ್ ಕಣ್ಣೆದುರೇ ನೀರಿಂದ ಎದ್ ಬಂತು."

"ಮುಳುಗಿದ್ದು ನೋಡಿದ್ದು ನಾನು!"

"ಎದ್ದಿದ್ದು ನೋಡಿದ್ದು ನಾನು! ಮುಳುಗಿದ್ದ್ ಮೇಲೆ ಇನ್ನೇನ್ ನೋಡದೈತೆ, ಕತ್ಲು!"

"ನಿಮ್ ಮದ್ರಾಸು ದೂರ. ನಮ್ದು ಹತ್ರ."

ಹತ್ತಿರ ಯಾವುದೆಂದು ನೋಡಲು ವಾಣಿ ಅಟ್ಲಾಸು ತಂದಳು. ಬನಶಂಕರಿ ಒಂದು ಕಂಡಿಕೆಯಿಂದ ಕೆಂಪು ನೂಲು ಬಿಚ್ಚಿ ಕೊಟ್ಟಳು. ನೂಲಿನ ತುದಿಯನ್ನು ದೊಡ್ಡಬಳ್ಳಾಪುರ ಇರಬೇಕಾದ ಜಾಗದಲ್ಲಿ ಒತ್ತಿ ಹಿಡಿದು, ಎಡಕ್ಕೆ ನೇರವಾಗಿ ಎಳೆದು ನೀಲಿ ಮುಟ್ಟುವಲ್ಲಿ ಗಂಟು ಹಾಕಿದರು. ಅದೇ ನೂಲನ್ನು ಬಲಕ್ಕೆ ತಿರುಗಿಸಿದರು. ಗಂಟು ಹೋಗಿ ಇನ್ನೊಂದು ಕಡೆಯ ನೀಲಿಯ ತುದಿಗೇ ಕೂತಿತು. ಮೇಷ್ಟ್ರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಅಳೆದರು. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

"ಇದೇನ್ ಗ್ರಹಚಾರ, ನಾವು ಸರಿಯಾಗಿ ಮಧ್ಯದಲ್ಲೇ ಬಂದ್ ಕೂತಿದೀವಿ," ಎಂದ ಸೀನಪ್ಪ. ಅಂಜಿನಮ್ಮನೂ ಸಪ್ಪಲಮ್ಮನೂ ಅಂದಿನಿಂದ ಮಾತು ಬಿಟ್ಟರು.

ಆದರೆ ಶಾಲೆ ಇರುವುದು ಅಂಜಿನಮ್ಮನ ಸಮುದ್ರದ ಪಕ್ಕ. ದೋಣಿ ಪಶ್ಚಿಮಕ್ಕೆ ನೋಡಬೇಕು ಎಂದಾಯಿತು. ಸೀರೆಯಲ್ಲಿ ಪಶ್ಚಿಮ ಯಾವುದು? ಉಟ್ಟು ನೋಡೋಣ ಎಂದು, ನ್ಯೂಸ್‌ಪೇಪರಿನಲ್ಲಿ ನಲವತ್ತು ದೋಣಿ ಕತ್ತರಿಸಿ ಬನಶಂಕರಿಯ ಹಳೆಯ ಸೀರೆಯ ಅಂಚಿಗೆ ಗುಂಡುಸೂಜಿಯಲ್ಲಿ ಚುಚ್ಚಿದರು. ಅವಳು ಅದನ್ನು ಉಟ್ಟು ಹಜಾರದ ನಡುವೆ ನಿಂತಳು. ಸೀನಪ್ಪ ಅವಳ ಸುತ್ತ ಬಗ್ಗಿಕೊಂಡು ಓಡಾಡಿದ.

"ಮುಂದ್ಗಡೆದು ದಕ್ಷಿಣಕ್ಕೆ ಹೋಗ್ತಾ ಐತೆ. ಪಕ್ಕದ್ದು ಪಶ್ಚಿಮಕ್ಕೆ, ಭೇಷ್! ಹಿಂದಿಂದು... ಥೂ, ಉತ್ತರಕ್ಕೆ. ಆ ಪಕ್ಕದ್ದು ಪೂರ್ವಕ್ಕೆ! ಒಂಚೂರು ತಿರುಗು."

ತಿರುಗಿದಳು. ಪೂರ್ವದ್ದು ದಕ್ಷಿಣಕ್ಕೆ, ಪಶ್ಚಿಮದ್ದು ಉತ್ತರಕ್ಕೆ ಹೋಯಿತು. ಮತ್ತೆ ತಿರುಗಿದಳು. ಯಾವ ಕಡೆ ನಿಂತರೂ ಕಾಲುಭಾಗದ ದೋಣಿಗಳು ಮಾತ್ರ ಹೇಳಿದ ಮಾತು ಕೇಳುತ್ತಿದ್ದವು. ನೆರಿಗೆಯೊಳಗಿನವಂತೂ ಒಂದಕ್ಕೊಂದು ಡಿಕ್ಕಿ ಹೊಡೆದುಕೊಂಡಿದ್ದವು.

"ನಡೀವಾಗ ಸೂಜಿ ಚುಚ್ತದೆ ರೀ."

"ನಡೀಬೇಡ. ನಿಂತ್ಕೋ. ಅಯ್ಯೋ, ಟೀಚರ್‌ಗಳು ನಡೀತಾರಲ್ಲ!" ಸೀನಪ್ಪ ನೆಲದ ಮೇಲೇ ಕೂತುಬಿಟ್ಟ. "ಮೇಷ್ಟ್ರೇ, ಒಂದು ಚೀಟಿ ಹೊಲಿಯಣ. ಇದನ್ನ ಉಟ್ಟವರು ಉತ್ತರಕ್ಕೆ ಮುಖ ಮಾಡಿ ನಿಲ್ಲತಕ್ಕದ್ದು, ಹಿಂದಿನಿಂದ ಯಾರೂ ನೋಡತಕ್ಕದ್ದಲ್ಲ. ಒಳ್ಳೇ ಇಂಗ್ಲಿಷಲ್ಲಿ ಬರೀರಿ."

ಮೇಷ್ಟ್ರು ನಿಜವಾಗಿಯೂ ಬರೆದರು. ಕೊನೆಗೆ ಬನಶಂಕರಿ ಆ ಚೀಟಿಯನ್ನು ಒಲೆಗೆ ಹಾಕಿ, ಹೆಡ್‌ಮಿಸ್ಸಿಗೇ ಒಂದು ಪೋಸ್ಟ್‌ಕಾರ್ಡು ಬರೆದು ಕೇಳೋಣ ಎಂದಳು. ಸೀನಪ್ಪ ತಾನೇ ಬರೆದ: ಪೂಜ್ಯರೇ, ತಮ್ಮ ಊರಿನಲ್ಲಿ ಸಮುದ್ರವು ಎಡಗಡೆ ಇರುವುದೋ ಬಲಗಡೆ ಇರುವುದೋ ದಯವಿಟ್ಟು ತಿಳಿಸುವುದು.

ಎಂಟು ದಿನಕ್ಕೆ ಉತ್ತರ ಬಂತು, ಈ ಸಲ ಕನ್ನಡದಲ್ಲಿ. ಬಹುಶಃ ಸೀನಪ್ಪನಿಗೆ ಇಂಗ್ಲಿಷು ಸಾಲದೆಂದು ಅವರು ಅಂದುಕೊಂಡಿದ್ದರು. "ಶಾಲೆಗೆ ಬರುವಾಗ ಎಡಕ್ಕೆ. ಮನೆಗೆ ಹೋಗುವಾಗ ಬಲಕ್ಕೆ. ದಯವಿಟ್ಟು ಬೇಗ ನೇಯ್ದು ಕಳಿಸಿ."

ಕೆಂಪರಾಜ್ ಹೇಳಿದ ಶುಕ್ರವಾರಕ್ಕೆ ಇನ್ನು ಎರಡೇ ದಿನ. ಈ ನಡುವೆ ಆ ಮಾತುಗಳು ಮನೆಯೊಳಗೆ ಒಗ್ಗಿಹೋಗಿದ್ದವು. ನೂಲಿನವನು ಬಂದು ಅಪ್ಪ ಎಲ್ಲಿ ಎಂದರೆ ವಾಣಿ "ಆಫ್‌ಶೋರ್" ಎನ್ನುತ್ತಿದ್ದಳು. ಸೀನಪ್ಪ ಮೂಲೆಯ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದಾನೆ ಎಂದು ನೂಲಿನವನಿಗೂ ತಿಳಿಯುತ್ತಿತ್ತು. ಅಂಜಿನಮ್ಮ ಬಾಗಿಲಲ್ಲಿ ಕೂತು "ಚಪ್ಲಿ ಅಲ್ಲೇ ಬಿಡು, ಇನ್‌ಲ್ಯಾಂಡಿಗೆ ತರ್ಬೇಡ" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ಸಪ್ಪಲಮ್ಮ ತಮ್ಮ ಮನೆಯ ಕಸವನ್ನು ಗುಡಿಸಿ ಸೀವರ್ಡ್ ತಳ್ಳುತ್ತೇನೆಂದು ಪೂರ್ವಕ್ಕೆ ತಳ್ಳಿದರೆ, ಅಂಜಿನಮ್ಮ ಪೊರಕೆ ತೆಗೆದುಕೊಂಡು ಅದನ್ನು ಪಶ್ಚಿಮಕ್ಕೆ ವಾಪಸು ಕಳಿಸುತ್ತಿದ್ದರು. ಇಬ್ಬರೂ ಒಂದು ಮಾತೂ ಆಡದೆ ಇದನ್ನು ದಿನವೂ ಮಾಡಿದರು.

ಬುಧವಾರ ಮಧ್ಯಾಹ್ನ ಸೀನಪ್ಪ "ಇನ್ನೊಂದ್ಸಲ ಉಡು, ಕಡೇ ಸಲ" ಎಂದ. ಉಟ್ಟಳು. ನೋಡಿದ. ನಿಟ್ಟುಸಿರು ಬಿಟ್ಟ. ಮಾವಿನಕಾಯಿ ಕಾರ್ಡುಗಳ ಕಟ್ಟನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಮಗ್ಗದ ಪಕ್ಕ ಇಟ್ಟ. ಹಿತ್ತಲಲ್ಲಿ ಪಾತ್ರೆ ರಾಶಿ ಬಿದ್ದಿತ್ತು. ಸೀರೆ ಬದಲಾಯಿಸುವ ಮನಸ್ಸೂ ಇಲ್ಲದೆ, ಬನಶಂಕರಿ ಪೇಪರ್ ದೋಣಿಗಳ ಸಮೇತ ಹೋಗಿ ತೊಳೆಯತೊಡಗಿದಳು. ಹನ್ನೊಂದು ವರ್ಷದಲ್ಲಿ ಒಂದು ಅವಕಾಶ. ಅದೂ ಸಮುದ್ರ ಯಾವ ಕಡೆ ಎಂದು ಗೊತ್ತಿಲ್ಲದ್ದಕ್ಕೆ ಹೋಯಿತಲ್ಲ ಎನ್ನಿಸಿ, ತಿಕ್ಕಿದ್ದ ಚೊಂಬನ್ನೇ ಮತ್ತೆ ತಿಕ್ಕಿದಳು.

ಮೋರಿಗೆ ಅನ್ನದಗುಳು ಕಟ್ಟಿಕೊಂಡಿತ್ತು. ನೀರು ಹೋಗದೆ ಹಿತ್ತಲ ಕಲ್ಲಿನ ಮೇಲೆ ನಿಂತು, ಮೆಲ್ಲಗೆ ಬಂದು ಅವಳ ಪಾದಕ್ಕೆ ತಾಗಿತು. ಅಂಚು ಒದ್ದೆಯಾಯಿತು. ಅವಳು ಸೀರೆಯನ್ನು ಒಂದಿಷ್ಟು ಮೇಲೆತ್ತಿ ಬಗ್ಗಿ ನೋಡಿದಳು. ನೀರು ಕಾಲಿನ ಸುತ್ತಲೂ ಇತ್ತು. ಎಡಕ್ಕೂ ಬಲಕ್ಕೂ ಹಿಂದೆಯೂ ಮುಂದೆಯೂ ಇತ್ತು. ಅವಳು ಎತ್ತ ತಿರುಗಿದರೂ ಅದು ಅಂಚಿನ ಕೆಳಗೇ ಇತ್ತು. ಒಂದು ಪೇಪರ್ ದೋಣಿಯ ಸೂಜಿ ಸಡಿಲವಾಗಿ, ದೋಣಿ ಮೂತಿ ಕೆಳಗೆ ಮಾಡಿ ನೇತಾಡುತ್ತಿತ್ತು.

"ವಾಣೀ!" ಎಂದು ಅವಳು ಕೂಗಿದ್ದು ಎದುರುಮನೆಗೂ ಕೇಳಿಸಿತು. ಹಾವು ಬಂತೆಂದು ಎಲ್ಲರೂ ಓಡಿಬಂದರು. ಸೀನಪ್ಪನ ಕೈಯಲ್ಲಿ ದೊಣ್ಣೆ, ಮೇಷ್ಟ್ರ ಕೈಯಲ್ಲಿ ಡಿಕ್ಷನರಿ.

"ನೋಡ್ರಿ! ಬಣ್ಣ ನೀಲಿ ಆದ್ರೂ ಒಡಲು ನೆಲ. ಅಂಚು ದಡ. ಅಂಚಿನಿಂದಾಚೆಗೆ ನೀರು. ನಾವು ಇಷ್ಟ್ ದಿವ್ಸ ದೋಣೀನ ದಡದ ಉದ್ದಕ್ಕೆ ಸುತ್ತಿಸ್ತಾ ಇದ್ವಿ. ಅದು ಅಲಾಂಗ್‌ಶೋರ್! ಅಲ್ವಾ ಮೇಷ್ಟ್ರೇ?"

ಮೇಷ್ಟ್ರು ಪುಟ ತಿರುವಿ ನೋಡಿ, "ಅಹುದು," ಎಂದರು. ಗಾಬರಿಯಾದರೆ ಅವರ ಬಾಯಲ್ಲಿ ಗ್ರಂಥದ ಕನ್ನಡ ಬರುತ್ತಿತ್ತು.

"ಸೀವರ್ಡ್ ಅಂದ್ರೆ ಅಂಚಿನಿಂದ ಹೊರಕ್ಕೆ. ಯಾರು ಎತ್ತ ತಿರುಗಿದ್ರೂ ಹೊರಕ್ಕೆ ಅಂದ್ರೆ ಹೊರಕ್ಕೇನೇ! ಸೆರಗಿಗೆ ಬೆನ್ನು ಹಾಕ್ದಂಗೂ ಆಗಲ್ಲ."

ಸೀನಪ್ಪ ದೊಣ್ಣೆ ಕೆಳಗಿಟ್ಟು ಯೋಚಿಸಿದ. "ದೋಣಿ ಮೂತಿ ಕೆಳಕ್ಕೆ ಇಟ್ರೆ ಮುಳುಗ್ತಾ ಇರೋ ಹಂಗೆ ಕಾಣಲ್ವೇನೇ? ಮಕ್ಕಳೆಲ್ಲ ಮುಳುಗಿಹೋದ್ರು ಅಂತ ಆಯಮ್ಮ ಕಾಗ್ದ ಬರೀತಾಳೆ."

ಅದೂ ನಿಜವೇ. ಪಕ್ಕದಿಂದ ಕಂಡ ದೋಣಿಯನ್ನು ತಿರುಗಿಸಿದರೆ ಮುಳುಗುತ್ತದೆ. ಬನಶಂಕರಿ ಒದ್ದೆ ಕಾಲಲ್ಲೇ ಒಳಗೆ ಹೋದಳು. ಮೇಲಿನಿಂದ ನೋಡಿದರೆ ದೋಣಿ ಹೇಗಿರುತ್ತದೆ? ನಿಂತ ಮಗ್ಗದ ಮೇಲೆ ಲಾಳಿ ಮಲಗಿತ್ತು. ನಡುವೆ ಹೊಟ್ಟೆ, ಎರಡು ತುದಿಯೂ ಚೂಪು, ಒಳಗೆ ಕಂಡಿಕೆ ಕೂರುವ ಗುಳಿ. ಮದುವೆಯಾಗಿ ಬಂದಾಗಿನಿಂದ ದಿನವೂ ಅದನ್ನು ಕೈಯಲ್ಲಿ ಹಿಡಿದಿದ್ದಳು. ಪುಸ್ತಕ ತೆಗೆದು ಲಾಳಿಯನ್ನೇ ಬರೆದಳು. ಹಿಂದಿನ ತುದಿಯನ್ನು ಮೊಂಡು ಮಾಡಿದಳು, ಮುಂದಿನದನ್ನು ಹಾಗೇ ಬಿಟ್ಟಳು. ಮೂತಿ ಹೊರಕ್ಕೆ.

"ಮೇಲಿನಂಚು?" ಎಂದ ಸೀನಪ್ಪ. "ಅದು ಹೊರಕ್ಕೆ ಅಂದ್ರೆ ಇತ್ತ ಕಡೆ ಆಗುತ್ತೆ. ಎರಡು ಅಂಚು, ಎರಡು ಕಡೆ ನೀರು. ಒಂದು ನೆಲಕ್ಕೆ ಎರಡು ಸಮುದ್ರ ಎಲ್ಲಾದ್ರೂ ಉಂಟಾ?"

ವಾಣಿ ಅಟ್ಲಾಸು ತೆರೆದು ಮಗ್ಗದ ಮೇಲೆ ಇಟ್ಟಳು. ಗಂಟು ಹಾಕಿದ್ದ ಕೆಂಪು ನೂಲು ಇನ್ನೂ ಅದರೊಳಗೇ ಇತ್ತು.

"ಇದು ಅಜ್ಜಿದು," ಎಂದು ಎಡಗಡೆಯ ಅಂಚನ್ನು ಮುಟ್ಟಿದಳು. "ಇದು ಸಪ್ಪಲಮ್ಮತ್ತೆದು," ಎಂದು ಬಲಗಡೆಯದನ್ನು ಮುಟ್ಟಿದಳು. "ಮಧ್ಯ ನಾವು."

ಅಂಜಿನಮ್ಮ ಸಪ್ಪಲಮ್ಮನ ಕಡೆ ನೋಡಿದರು. ಸಪ್ಪಲಮ್ಮ ಗೋಡೆಯ ಕಡೆ ನೋಡಿದರು.

"ನಿಮ್ದು ಉಟ್ಟಾಗ ಮೇಲೆ ಬರುತ್ತಾ, ಕೆಳಗೆ ಬರುತ್ತಾ?" ಎಂದು ಹದಿನೈದು ದಿನದ ಮೇಲೆ ಸಪ್ಪಲಮ್ಮ ಮೊದಲ ಮಾತಾಡಿದರು.

"ಯಾವ್ದಾದ್ರೂ ಬರ್ಲಿ ಬಿಡಮ್ಮ. ಕಾಫಿ ಕುಡಿ ಬಾ."

ಶುಕ್ರವಾರ ಬೆಳಗ್ಗೆ ಕೆಂಪರಾಜ್ ಗ್ರಾಫನ್ನು ಕೈಗೆ ತೆಗೆದುಕೊಂಡು ಉದ್ದಕ್ಕೆ ಅಡ್ಡಕ್ಕೆ ತಿರುಗಿಸಿದ. "ಇದೇನಕ್ಕಾ, ಎಲ್ಲಾ ಸೀರೆಯಿಂದ ಆಚೆಗೆ ಓಡಿಹೋಗ್ತಾ ಅವೆ?"

"ಓಡಿಹೋಗ್ಲಿ. ನೀನು ತೂತು ಹೊಡಿ," ಎಂದಳು.

ಮೊದಲ ಸೀರೆ ಇಳಿದ ದಿನ ಬನಶಂಕರಿ ಅಡುಗೆಯನ್ನೇ ಮರೆತಳು. ನೀಲಿ ಒಡಲು, ಎರಡು ಕಡೆ ಬಿಳಿಯ ದೋಣಿಗಳು, ಸೆರಗಿನಲ್ಲಿ ಏಳು ತೆಂಗಿನಮರ. ಎಲ್ಲರೂ ಹೋಟೆಲಿನ ಇಡ್ಲಿ ತಿಂದು, ಬಟ್ಟೆಯಲ್ಲಿ ಸುತ್ತಿ ಹೊಲಿದು, ಪೋಸ್ಟಿನಲ್ಲಿ ಕಳಿಸಿದರು. ಆಮೇಲೆ ಹನ್ನೆರಡು ದಿನ. ಪೋಸ್ಟ್‌ಮ್ಯಾನ್ ಗಲ್ಲಿಗೆ ತಿರುಗಿದರೆ ಬನಶಂಕರಿಯ ಕಂಡಿಕೆಯ ನೂಲು ತುಂಡಾಗುತ್ತಿತ್ತು. ಮಾವಿನಕಾಯಿ ಕಾರ್ಡಿನ ಕಟ್ಟು ಮಗ್ಗದ ಪಕ್ಕದಲ್ಲೇ ಕೂತಿತ್ತು.

ಹದಿಮೂರನೆಯ ದಿನ ಅಚ್ಚಾದ ಹೆಸರಿನ ಕಾಗದ ಬಂತು. ವಾಣಿ ಓದಿದಳು. ಸೀರೆ ಎಲ್ಲರಿಗೂ ಒಪ್ಪಿಗೆಯಾಗಿದೆ. ಉಳಿದ ಇಪ್ಪತ್ಮೂರನ್ನು ನೇಯುವುದು. ಆಫೀಸಿನ ಇಬ್ಬರು ಹೆಂಗಸರಿಗೂ ಬೇಕಾದ್ದರಿಂದ ಇಪ್ಪತ್ತೈದು. "ದೋಣಿಯ ಬದಲು ಮೀನುಗಳನ್ನು ಹಾಕಿದ ನಿಮ್ಮ ಯೋಚನೆ ಬಹಳ ಚೆನ್ನಾಗಿದೆ. ಮೀನುಗಳು ಬಹಳ ಸಹಜವಾಗಿವೆ. ಒಂದೂ ತಪ್ಪದೆ ಸೀವರ್ಡ್ ಹೋಗುತ್ತಿವೆ."

ವಾಣಿ ಆ ಸಾಲನ್ನು ಇನ್ನೊಮ್ಮೆ ಓದಿದಳು.

"ಮೀನಾ?" ಎಂದರು ಅಂಜಿನಮ್ಮ.

"ಅದು ಮೀನಲ್ಲ, ಲಾಳಿ ಅಂತ, ಅಲ್ಲ, ದೋಣಿ ಅಂತ ಬರೀತೀನಿ ತಡಿ," ಎಂದು ಸೀನಪ್ಪ ಪೆನ್ನು ಹುಡುಕಿದ.

ಬನಶಂಕರಿ ಆ ಪೆನ್ನನ್ನು ತೆಗೆದು ತನ್ನ ಮುಡಿಗೆ ಸಿಕ್ಕಿಸಿಕೊಂಡಳು. "ಸುಮ್ನಿರಿ. ಮೀನಿಗೆ ಸಮುದ್ರ ಯಾವ ಕಡೆ ಅಂತ ನಮಗಿಂತ ಚೆನ್ನಾಗ್ ಗೊತ್ತಿರುತ್ತೆ." ನಕ್ಕಳು. ನಗು ನಿಲ್ಲಲಿಲ್ಲ. ನೋಡುತ್ತಿದ್ದ ಹಾಗೆ ಅಂಜಿನಮ್ಮ, ವಾಣಿ, ಕಾಫಿ ಲೋಟ ವಾಪಸು ಕೊಡಲು ಬಂದಿದ್ದ ಸಪ್ಪಲಮ್ಮ, ಎಲ್ಲರೂ ನಗತೊಡಗಿದರು.

ಸೀನಪ್ಪ ಮಾವಿನಕಾಯಿ ಕಾರ್ಡಿನ ಕಟ್ಟನ್ನು ಹೊತ್ತು ಅಟ್ಟಕ್ಕೆ ಏರಿಸಿದ. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಟೀಗೆ ಹೋಗಿರಬೇಕೆಂದು ಎಲ್ಲರೂ ತಿಳಿದರು. ಅರ್ಧ ಗಂಟೆಯ ಮೇಲೆ ಬಂದವನ ಕೈಯಲ್ಲಿ ಚೌಕಳಿ ಗೆರೆಯ ಹೊಸ ಪುಸ್ತಕವೊಂದು ಇತ್ತು. ಕಂಡಿಕೆ ಸುತ್ತುವ ಜಾಗದಲ್ಲಿ, ಅವಳ ಮಣೆಯ ಪಕ್ಕ ಇಟ್ಟ.

"ಇನ್ಮೇಲೆ ಇಲ್ಲೇ ಇಟ್ಕೋ," ಎಂದ, ಮಗ್ಗದ ಕಡೆ ನೋಡುತ್ತಾ. "ಆ ಅಕ್ಕಿ ಡ್ರಮ್ಮಿನ ಹಿಂದಿನವನ್ನೂ ಇಲಿ ಕಡಿಯಕ್ಕೆ ಮುಂಚೆ ಆಚೆ ತೆಗಿ. ಅದ್ರಲ್ಲಿ ಆ ಎರಡನೇ ಪುಸ್ತಕದಲ್ಲಿ ಒಂದು ಆನೆ ಐತಲ್ಲ, ಅದು ಚೆನ್ನಾಗೈತೆ."

ಬನಶಂಕರಿ ಕೈಯಲ್ಲಿದ್ದ ನೂಲನ್ನು ನಿಲ್ಲಿಸಿ ಅವನನ್ನು ನೋಡಿದಳು. ಒಳಗೆ ಸಾರು ಉಕ್ಕುವ ವಾಸನೆ ಬಂತು.

"ಆನೆ ಮುಖ ಯಾವ ಕಡೆಗೆ ಇಡ್ಲಿ?" ಎಂದು ಕೇಳುತ್ತಲೇ ಅವಳು ಅಡುಗೆಮನೆಗೆ ಓಡಿದಳು.